ಅಡುಗೆ ಸೋಡಾ ಲವಣವೆಂದಾದರೆ ಅರಿಸಿನದ ಕಾಗದ ಕೆಂಪಾಗುವುದೇಕೆ?

ಪ್ರಶ್ನೆ:
ಹತ್ತನೆಯ ತರಗತಿಯ ಮಗಳಿಗೆ ಆಮ್ಲ, ಪ್ರತ್ಯಾಮ್ಲ ಮತ್ತು ಲವಣಗಳ ಪಾಠವನ್ನು ಹೇಳಿಕೊಡಲು ಹೋಗಿ ನಾನೇ ಗೊಂದಲಕ್ಕೆ ಬಿದ್ದಿದ್ದೇನೆ. ಅರಿಸಿನದ ನೀರಿನಲ್ಲಿ ಅದ್ದಿ ಒಣಗಿಸಿದ ಕಾಗದದ ಚೂರುಗಳ ಮೇಲೆ ಸುಣ್ಣದ ತಿಳಿನೀರು, ನಿಂಬೆರಸ, ಉಪ್ಪಿನ ನೀರು ಮತ್ತು ಅಡುಗೆ ಸೋಡಾದ ನೀರನ್ನು ಒಂದೊಂದು ಹನಿ ಬಿಟ್ಟು ನೋಡಿದೆವು. ಸುಣ್ಣ ಬಿದ್ದಲ್ಲಿ ಆರತಿಯ ಓಕುಳಿಯಂತೆ ಗಾಢ ಕೆಂಪು ಬಂದಿತು. ಸೋಡಾ ಬಿದ್ದಲ್ಲಿಯೂ ಇಟ್ಟಿಗೆಯ ಪುಡಿ ಮೆತ್ತಿದಂತಹ ಮಸುಕು ಕೆಂಪು ಕಾಣಿಸಿತು. ಉಪ್ಪಿಗೂ ನಿಂಬೆರಸಕ್ಕೂ ಹಳದಿ ಹಳದಿಯಾಗಿಯೇ ಉಳಿಯಿತು. ಆಮ್ಲ ಮತ್ತು ಪ್ರತ್ಯಾಮ್ಲ ಸೇರಿ, ಒಂದನ್ನೊಂದು ತಟಸ್ಥಗೊಳಿಸಿ ಲವಣ ಉಂಟಾಗುತ್ತದೆ ಎಂದ ಮೇಲೆ, ಲವಣವೇ ಆದ ಅಡುಗೆ ಸೋಡಾ ಪ್ರತ್ಯಾಮ್ಲದಂತೆ ವರ್ತಿಸುವುದೇಕೆ? ನಿಂಬೆರಸಕ್ಕೂ ಉಪ್ಪಿನ ನೀರಿಗೂ ವ್ಯತ್ಯಾಸ ಕಾಣದಿರುವುದು ನಮ್ಮ ಕಾಗದದ ದೋಷವೇ?

ಮೊದಲ ಉತ್ತರ:
ಲವಣವೆಂದರೆ ತಟಸ್ಥವಾಗಿಯೇ ಇರಬೇಕು ಎಂದು ಭಾವಿಸಿದ್ದರಿಂದ ಈ ಗೊಂದಲ ಹುಟ್ಟಿದೆ. ಅಡುಗೆ ಉಪ್ಪಿನ ಹಿಂದೆ ಇರುವ ಹೈಡ್ರೋಕ್ಲೋರಿಕ್ ಆಮ್ಲವೂ ಸೋಡಿಯಂ ಹೈಡ್ರಾಕ್ಸೈಡೂ ಸಮಾನವಾಗಿ ಪ್ರಬಲವಾದವು; ಆದುದರಿಂದ ಉಪ್ಪಿನ ನೀರಿನ ಪಿಎಚ್ (ಆಮ್ಲೀಯತೆಯ ಅಳತೆ; 7 ಎಂದರೆ ತಟಸ್ಥ, ಕಡಿಮೆಯಾದರೆ ಆಮ್ಲೀಯ, ಹೆಚ್ಚಾದರೆ ಪ್ರತ್ಯಾಮ್ಲೀಯ) 7ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಅಡುಗೆ ಸೋಡಾದ ಹಿಂದಿರುವ ಪ್ರತ್ಯಾಮ್ಲ ಅದೇ ಪ್ರಬಲ ಸೋಡಿಯಂ ಹೈಡ್ರಾಕ್ಸೈಡ್ ಆದರೂ ಆಮ್ಲ ಮಾತ್ರ ದುರ್ಬಲವಾದ ಕಾರ್ಬಾನಿಕ್ ಆಮ್ಲ. ಸೋಡಾ, ಅಂದರೆ ಸೋಡಿಯಂ ಬೈಕಾರ್ಬನೇಟ್, ನೀರಿನಲ್ಲಿ ಕರಗಿದಾಗ ಅಯಾನುಗಳಾಗಿ (ವಿದ್ಯುದಾವೇಶವುಳ್ಳ ಕಣಗಳಾಗಿ) ಬೇರ್ಪಡುತ್ತದೆ. ಸೋಡಿಯಂ ಅಯಾನು ತನ್ನ ಪಾಡಿಗೆ ತಾನಿರುತ್ತದೆ; ಬೈಕಾರ್ಬನೇಟ್ ಅಯಾನು ನೀರಿನಿಂದ ಹೈಡ್ರೋಜನ್ ಅಯಾನನ್ನು ಸೆಳೆದುಕೊಳ್ಳುವುದರಿಂದ ಹಿಂದೆ ಹೈಡ್ರಾಕ್ಸೈಡ್ ಅಯಾನು ಉಳಿಯುತ್ತದೆ ಮತ್ತು ದ್ರಾವಣದ ಪಿಎಚ್ ಸುಮಾರು 8.3ಕ್ಕೆ ಏರುತ್ತದೆ.

ನಿಮ್ಮ ಕೆಂಪು ಮಸುಕಾಗಿದ್ದುದಕ್ಕೂ ಇದೇ ಕಾರಣ. ಅರಿಸಿನಕ್ಕೆ ಹಳದಿ ಬಣ್ಣ ಕೊಡುವ ಕುರ್ಕುಮಿನ್ ಎಂಬ ವಸ್ತು ಪಿಎಚ್ 7.4ರ ಸುಮಾರಿಗೆ ಬಣ್ಣ ಬದಲಿಸಲು ತೊಡಗಿ 8.6ರ ಹೊತ್ತಿಗೆ ಪೂರ್ಣವಾಗಿ ಬದಲಿಸುತ್ತದೆ; ಸೋಡಾದ ನೀರು ಆ ದಾರಿಯ ನಡುವೆಯೇ ನಿಂತಿದೆ. ಸುಣ್ಣದ ತಿಳಿನೀರಿನ ಪಿಎಚ್ 12ನ್ನು ದಾಟುತ್ತದೆ. ಬಟ್ಟೆ ಒಗೆಯುವ ವಾಷಿಂಗ್ ಸೋಡಾವೂ ಲವಣವೇ. ಅದರ ಹನಿ ಹಾಕಿದರೆ ಸುಣ್ಣಕ್ಕೆ ಬಂದಂತಹ ಕೆಂಪೇ ಬರುತ್ತದೆ. ಇದಕ್ಕೆ ತದ್ವಿರುದ್ಧವಾಗಿ, ಪಾತ್ರೆಗೆ ಕಲಾಯಿ ಹಾಕುವವರ ಬಳಿ ಇರುವ ನವಸಾಗರವು, ಅಂದರೆ ಅಮೋನಿಯಂ ಕ್ಲೋರೈಡ್, ದುರ್ಬಲ ಪ್ರತ್ಯಾಮ್ಲ ಮತ್ತು ಪ್ರಬಲ ಆಮ್ಲದಿಂದಾದ ಲವಣವಾದ್ದರಿಂದ ಅದರ ದ್ರಾವಣ ಆಮ್ಲೀಯವಾಗಿರುತ್ತದೆ.

ಎರಡನೆಯ ಉತ್ತರ:
ಕಾಗದದಲ್ಲಿ ದೋಷವಿಲ್ಲ. ಅರಿಸಿನವು ಪ್ರತ್ಯಾಮ್ಲವನ್ನು ಮಾತ್ರ ಗುರುತಿಸುತ್ತದೆ. ಆಮ್ಲಕ್ಕೂ ತಟಸ್ಥ ದ್ರಾವಣಕ್ಕೂ ಅದರದು ಒಂದೇ ಹಳದಿ. ಆದರೆ ಅದೇ ಕಾಗದದಿಂದ ಆಮ್ಲವನ್ನು ಪತ್ತೆಹಚ್ಚುವ ಉಪಾಯವೊಂದುಂಟು: ಮೊದಲು ಸುಣ್ಣದ ತಿಳಿನೀರಿನಿಂದ ಕಾಗದವನ್ನು ಕೆಂಪಾಗಿಸಿ, ಆಮೇಲೆ ಆ ಕೆಂಪಿನ ಮೇಲೆ ಹನಿ ಬಿಡಿ. ನಿಂಬೆರಸ ಬಿದ್ದಲ್ಲಿ ಹಳದಿ ಮರಳುತ್ತದೆ, ಉಪ್ಪಿನ ನೀರು ಬಿದ್ದಲ್ಲಿ ಮರಳುವುದಿಲ್ಲ. ಮೂರನ್ನೂ ಒಮ್ಮೆಗೇ ನೋಡಬೇಕೆಂದಿದ್ದರೆ ಕೆಂಪು ದಾಸವಾಳದ ಎಸಳುಗಳನ್ನು ಬಿಸಿನೀರಿನಲ್ಲಿ ನೆನೆಸಿ, ಸೋಸಿಕೊಳ್ಳಿ. ಆ ನೀರು ಆಮ್ಲದಲ್ಲಿ ಕಡುಗುಲಾಬಿಯಾಗುತ್ತದೆ, ಪ್ರತ್ಯಾಮ್ಲದಲ್ಲಿ ಹಸಿರಾಗುತ್ತದೆ. ಸುಣ್ಣ ಕಣ್ಣಿಗೆ ಸಿಡಿಯದಂತೆ ಮಗಳಿಗೆ ಮೊದಲೇ ಹೇಳಿಬಿಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಕೆಂಪು ಕಾಗದದ ಮೇಲೆ ನಿಂಬೆಯ ಹನಿ ಬಿಟ್ಟೊಡನೆ ನಡುವೆ ಹಳದಿ ಚುಕ್ಕೆ ಮೂಡಿ, ಸುತ್ತ ಕೆಂಪು ಅಂಚು ಉಳಿಯಿತು; ಮಗಳು ಅದನ್ನು ಸುಣ್ಣ ಸೋತ ಜಾಗವೆಂದು ಕರೆದಳು. ಇನ್ನೊಂದು ಸಂದೇಹ ಉಳಿದಿದೆ. ನಿಂಬೆ ಹಾಕದ ಕಾಗದದ ಕೆಂಪು ಕೂಡ ಮರುದಿನಕ್ಕೆ ಮಾಸಿತ್ತು. ಅಲ್ಲಿ ಯಾವ ಆಮ್ಲ ಬಂದಿತು?

ಮೊದಲ ಉತ್ತರ ಬರೆದವರು:
ಗಾಳಿಯೇ ತಂದಿತು. ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಸುಣ್ಣದೊಂದಿಗೆ ವರ್ತಿಸಿ ನೀರಿನಲ್ಲಿ ಕರಗದ ಕ್ಯಾಲ್ಸಿಯಂ ಕಾರ್ಬನೇಟ್ ಆಗುತ್ತದೆ. ಗೋಡೆಗೆ ಬಳಿದ ಸುಣ್ಣ ಗಟ್ಟಿಯಾಗುವುದೂ ಹೀಗೆಯೇ. ಇದರ ಜೊತೆಗೆ, ಪ್ರತ್ಯಾಮ್ಲದ ನಡುವೆ ಕುರ್ಕುಮಿನ್ ತಾನೇ ಬೇಗ ಒಡೆದುಹೋಗುತ್ತದೆ. ಆ ಕಾರಣದಿಂದ ಹಳೆಯ ಕೆಂಪು ಕಾಗದಕ್ಕೆ ನಿಂಬೆ ಹಿಂಡಿದರೂ ಮೊದಲಿನ ಹೊಳಪಿನ ಹಳದಿ ಮರಳುವುದಿಲ್ಲ. ಪ್ರತಿ ಸಲವೂ ಹೊಸ ಚೂರನ್ನು ಬಳಸಿರಿ.