ಭಾನುವಾರದ ಪಾಠ, ಸೋಮವಾರದ ಸಹಿ

ಪ್ರಶ್ನೆ

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ನಾನು ಹಲವು ವರ್ಷಗಳಿಂದ ನಮ್ಮ ಸಭೆಯ ಸಂಡೇ ಸ್ಕೂಲಿನಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ವಾರದ ಉಳಿದ ದಿನಗಳಲ್ಲಿ ಒಂದು ಸಂಸ್ಥೆಯ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಕಳೆದ ತಿಂಗಳು ಮೇಲಧಿಕಾರಿಯೊಬ್ಬರು ಹೇಳಿದರೆಂಬ ಒಂದೇ ಕಾರಣಕ್ಕೆ, ಮಾಡದ ಪ್ರಯಾಣದ ಬಿಲ್ಲೊಂದಕ್ಕೆ ಸಹಿ ಹಾಕಿದೆ. ಮೊತ್ತ ಸಣ್ಣದು, ಯಾರೂ ಕೇಳಲಿಲ್ಲ. ಆದರೆ ಮುಂದಿನ ಭಾನುವಾರ ಅನ್ಯಾಯವಾಗಿ ಪಡೆದ ಹಣವನ್ನು ಯೇಸುವಿನ ಮುಂದೆ ಹಿಂದಿರುಗಿಸಲು ಮುಂದಾದ ಸುಂಕದವನಾದ ಜಕ್ಕಾಯನ ಕಥೆ ಹೇಳುವಾಗ ನನ್ನ ನಾಲಿಗೆ ತಡವರಿಸಿತು. ಆ ಹಣವನ್ನು ನನ್ನ ಕೈಯಿಂದ ಸದ್ದಿಲ್ಲದೆ ಕಟ್ಟಿಬಿಡಲೇ, ಅಥವಾ ದೇವರ ಮುಂದೆ ಅರಿಕೆ ಮಾಡಿಕೊಂಡರೆ ಸಾಕೇ? ಯೇಸುವಿನ ಶಿಷ್ಯತ್ವವೆಂಬುದು ಇಂಥ ಸಣ್ಣ ವಿಷಯಗಳವರೆಗೂ ಇಳಿದುಬರಬೇಕೇ?

ಮೊದಲ ಉತ್ತರ

ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ತನ್ನ ಶಿಲುಬೆಯನ್ನು ಹೊತ್ತುಕೊಂಡು ಹಿಂಬಾಲಿಸಬೇಕೆಂಬ ಮಾತು ಸುವಾರ್ತೆ ಬರೆದ ಮತ್ತಾಯ, ಮಾರ್ಕ, ಲೂಕ ಮೂವರಲ್ಲಿಯೂ ಇದೆ. ಆದರೆ ‘ಪ್ರತಿದಿನವೂ’ ಎಂಬ ಪದವನ್ನು ಸೇರಿಸಿರುವವನು ಲೂಕನೊಬ್ಬನೇ (9:23). ಪ್ರತಿದಿನ ಎಂದ ಮೇಲೆ ಬಿಲ್ಲು, ಹಾಜರಿ ಪುಸ್ತಕ, ಮನೆಯವರೊಡನೆ ಆಡುವ ಮಾತು ಎಲ್ಲವೂ ಅದರೊಳಗೆ ಬಂದವು.

ಜಕ್ಕಾಯನನ್ನು ಇನ್ನೊಮ್ಮೆ ಓದಿ. ಅನ್ಯಾಯವಾಗಿ ಪಡೆದದ್ದನ್ನು ಒಬ್ಬನು ತಾನಾಗಿ ಅರಿಕೆಮಾಡಿದರೆ ಅಸಲಿನೊಂದಿಗೆ ಐದರಲ್ಲಿ ಒಂದು ಪಾಲನ್ನು ಸೇರಿಸಿ ಕೊಟ್ಟರೆ ಸಾಕೆಂದು ಬೈಬಲಿನ ಅರಣ್ಯಕಾಂಡ 5:7 ಹೇಳುತ್ತದೆ. ಜಕ್ಕಾಯನೋ ನಾಲ್ಕರಷ್ಟು ಕೊಡುತ್ತೇನೆಂದ; ಅದು ಕುರಿಯನ್ನು ಕದ್ದು ಕೊಯ್ದವನಿಗೆ ವಿಮೋಚನಕಾಂಡ 22 ವಿಧಿಸಿದ ದಂಡ. ಅಂದರೆ ಅವನು ತನ್ನನ್ನು ಕಳ್ಳನೆಂದೇ ಎಣಿಸಿಕೊಂಡ. ಆದರೆ ಇದಕ್ಕೂ ಮುಂಚೆಯೇ ಯೇಸು ಅವನ ಮನೆಯಲ್ಲಿ ಇಳಿದುಕೊಳ್ಳುವುದಾಗಿ ಹೇಳಿಯಾಗಿತ್ತು. ಹಣ ಹಿಂದಿರುಗಿಸಿ ಕೃಪೆಯನ್ನು ಕೊಂಡುಕೊಂಡವನಲ್ಲ ಅವನು.

ಇನ್ನು ಸದ್ದಿಲ್ಲದೆ ಕಟ್ಟುವ ವಿಚಾರ. ಹಾಗೆ ಕಟ್ಟಿದರೆ ಹಣ ಸರಿಹೋದೀತು, ಪುಸ್ತಕದಲ್ಲಿ ಸುಳ್ಳು ಮಾತ್ರ ನಿಮ್ಮ ಸಹಿಯೊಂದಿಗೆ ಹಾಗೆಯೇ ಉಳಿಯುತ್ತದೆ. ಮೊದಲು ಆ ಅಧಿಕಾರಿಯೊಡನೆ ಒಬ್ಬರೇ ಮಾತನಾಡಿ, ಬಿಲ್ಲನ್ನು ಹಿಂಪಡೆಯುವಂತೆ ಕೇಳಿ. ಒಪ್ಪದಿದ್ದರೆ ಸಹಿ ತಪ್ಪಾಗಿ ಬಿದ್ದಿದೆಯೆಂದು ನೀವೇ ಲಿಖಿತವಾಗಿ ತಿಳಿಸಿ. ಕೆಲಸಕ್ಕೆ ಕುತ್ತು ಬರಬಹುದಾದ್ದರಿಂದ ಮನೆಯಲ್ಲಿ ಮುಂಚೆಯೇ ಹೇಳಿಬಿಡಿ, ಏಕೆಂದರೆ ಆ ಶಿಲುಬೆಯನ್ನು ನೀವೊಬ್ಬರೇ ಹೊರುವುದಿಲ್ಲ.

ಎರಡನೆಯ ಉತ್ತರ

ಮೇಲಿನ ಮಾತನ್ನು ಒಪ್ಪುತ್ತೇನೆ, ಆದರೆ ಒಂದು ತಿಂಗಳು ನೀವು ಇದನ್ನು ಒಬ್ಬರೇ ಹೊತ್ತು ತಿರುಗಿದಿರೆಂಬುದೇ ನನಗೆ ಹೆಚ್ಚು ನೋವಿನ ಸಂಗತಿ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ಮೆಥಡಿಸ್ಟ್ ಪಂಗಡದ ಕ್ರೈಸ್ತರು ಕಟ್ಟಡದ ಸಾಲ ತೀರಿಸಲು ಹನ್ನೆರಡು ಹನ್ನೆರಡು ಜನರ ಗುಂಪು ಮಾಡಿ, ವಾರಕ್ಕೆ ತಲಾ ಒಂದು ಪೆನ್ನಿ ಸಂಗ್ರಹಿಸಲು ಒಬ್ಬೊಬ್ಬ ಮುಖಂಡನನ್ನು ನೇಮಿಸಿದರು. ಮನೆಮನೆಗೆ ಹೋದವರಿಗೆ ಪೆನ್ನಿಯ ಜೊತೆಗೆ ಜನರ ಬದುಕೂ ಕಣ್ಣಿಗೆ ಬಿತ್ತು: ಎಲ್ಲಿ ಜಗಳ, ಯಾರು ಕುಡಿತಕ್ಕೆ ಬಿದ್ದಿದ್ದಾರೆ ಎಂಬುದೆಲ್ಲ. ಅವರ ನಾಯಕ ಜಾನ್ ವೆಸ್ಲಿ ಇದನ್ನು ಕಂಡು, ಆ ಗುಂಪುಗಳೇ ವಾರಕ್ಕೊಮ್ಮೆ ಕೂಡಿ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುವ ಪದ್ಧತಿಯನ್ನು ಬೆಳೆಸಿದರು. ಸಾಲ ತೀರಿಸುವ ಉಪಾಯವೊಂದು ಶಿಷ್ಯತ್ವದ ಶಾಲೆಯಾದದ್ದು ಹೀಗೆ. ನಮ್ಮ ಪ್ರಾರ್ಥನಾ ಕೂಟಗಳಲ್ಲಿ ಕಾಯಿಲೆಗಳಿಗಾಗಿ ಬೇಡುತ್ತೇವೆ, ಪರೀಕ್ಷೆಗಳಿಗಾಗಿ ಬೇಡುತ್ತೇವೆ. ‘ಈ ವಾರ ಎಲ್ಲಿ ಎಡವಿದಿರಿ?’ ಎಂದು ಕೇಳುವವರು ಮಾತ್ರ ವಿರಳ.

ಮೂರನೆಯ ಉತ್ತರ

ಇಲ್ಲಿ ನನ್ನದೊಂದು ತಕರಾರಿದೆ. ನಾನಿದ್ದ ಒಂದು ಗುಂಪಿನಲ್ಲಿ ಸಹೋದರಿಯೊಬ್ಬರು ಮನೆಯ ಕಷ್ಟವನ್ನು ಕಣ್ಣೀರಿನಿಂದ ಹೇಳಿಕೊಂಡರು, ಮುಂದಿನ ಭಾನುವಾರದ ಹೊತ್ತಿಗೆ ಅದು ಇಡೀ ಸಭೆಗೆ ‘ಪ್ರಾರ್ಥನೆಯ ವಿಷಯ’ವಾಗಿತ್ತು. ಅವರು ಮತ್ತೆ ಬರಲಿಲ್ಲ. ಆದ್ದರಿಂದ ಕೇಳುವವರು ಬೇಕು ಎನ್ನುವ ಮುನ್ನ, ಕೇಳಿದ್ದನ್ನು ಕಾಯುವವರು ಯಾರೆಂದು ನೋಡಬೇಕು. 1935ರಲ್ಲಿ ಜರ್ಮನಿಯ ಫಿಂಕನ್‌ವಾಲ್ಡೆಯಲ್ಲಿ ಸಭಾಪಾಲಕರ ತರಬೇತಿಯ ಹೊಣೆ ಹೊತ್ತ ದೇವಶಾಸ್ತ್ರಜ್ಞ ಡೀಟ್ರಿಕ್ ಬೊನ್‌ಹೋಫರ್, ಎದುರಿಗಿಲ್ಲದ ಸಹೋದರನ ಬಗ್ಗೆ ಯಾರೂ ಮಾತನಾಡಬಾರದು, ಮಾತನಾಡಿದ್ದರೆ ಅವನಿಗೇ ಹೋಗಿ ತಿಳಿಸಬೇಕು ಎಂಬ ನಿಯಮವಿಟ್ಟಿದ್ದರು. ಅದು ಮುರಿದು ಮುರಿದು ಕಲಿಯಬೇಕಾದ ನಿಯಮ, ನಿಜ. ಆದರೂ ಹನ್ನೆರಡು ಜನರಿಗೆ ಹೇಳುವ ಮೊದಲು ಬಾಯಿ ಬಿಗಿಹಿಡಿಯಬಲ್ಲ ಒಬ್ಬರಿಗೆ ಹೇಳಿ ಎಂಬುದು ನನ್ನ ಸಲಹೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ವಂದನೆಗಳು. ಕೈಯಿಂದ ಕಟ್ಟಿದರೂ ಸುಳ್ಳು ಹಾಗೆಯೇ ಉಳಿಯುತ್ತದೆಂಬುದು, ಲೆಕ್ಕದವನೇ ಆಗಿದ್ದೂ, ನನಗೆ ಹೊಳೆದಿರಲಿಲ್ಲ. ನಿನ್ನೆ ರಾತ್ರಿ ಮನೆಯಲ್ಲಿ ಹೇಳಿದೆ; ‘ತಿಂಗಳಿಂದ ನೀವು ಸರಿಯಾಗಿ ನಿದ್ದೆ ಮಾಡಿಲ್ಲವೆಂದು ಗೊತ್ತಿತ್ತು’ ಎಂದಳು. ನಾಳೆ ಬೆಳಿಗ್ಗೆ ಅಧಿಕಾರಿಯವರನ್ನು ಕಾಣುತ್ತೇನೆ. ಒಂದು ಮಾತು ಮಾತ್ರ ಉಳಿದಿದೆ: ಇದು ಇತ್ಯರ್ಥವಾಗುವವರೆಗೆ ಮಕ್ಕಳ ತರಗತಿಯನ್ನು ಬೇರೊಬ್ಬರಿಗೆ ಬಿಟ್ಟುಕೊಡಬೇಕೇ?

ಮೊದಲ ಉತ್ತರ ಕೊಟ್ಟವರು

ನಿಮ್ಮ ಸಭಾಪಾಲಕರನ್ನು ಕೇಳಿ, ಅವರು ಹೇಳಿದಂತೆ ಮಾಡಿ. ನನ್ನನ್ನು ಕೇಳಿದರೆ, ಬಿಡಬೇಡಿ. ಜಕ್ಕಾಯನ ಪಾಠವನ್ನು ಇನ್ನೊಮ್ಮೆ ಹೇಳಿ.