ಸಹಾಯ ಬೇಕು: 6 ಪಿನ್ ಎಆರ್‌ಜಿಬಿ ಫ್ಯಾನ್, ಕಂಟ್ರೋಲರ್ ಇಲ್ಲದೆ ನೇರ ಮದರ್‌ಬೋರ್ಡ್‌ಗೆ

ನಮಸ್ಕಾರ, ಊರು ತುಮಕೂರು. ಕಂಪ್ಯೂಟರಿನ 120 ಎಂಎಂ ಎಆರ್‌ಜಿಬಿ (ಪ್ರತಿ ಎಲ್‌ಇಡಿಯ ಬಣ್ಣ ಬೇರೆಬೇರೆಯಾಗಿ ಬದಲಿಸಬಹುದಾದ) ಫ್ಯಾನ್ ಮೂರಿವೆ, ಅವುಗಳ ಹಬ್ (ಮೂರನ್ನೂ ನಡೆಸೋ ಕಂಟ್ರೋಲರ್) ಸತ್ತಿದೆ. ಬೋರ್ಡಲ್ಲಿ 5 ವೋಲ್ಟ್‌ನ 3 ಪಿನ್ ಎಆರ್‌ಜಿಬಿ ಹೆಡರ್ (ಕೇಬಲ್ ಸಿಕ್ಕಿಸೋ ಪಿನ್‌ಗಳ ಸಾಲು) ಒಂದಿದೆ (5 ವೋಲ್ಟ್, ಡೇಟಾ, ಖಾಲಿ, ಗ್ರೌಂಡ್). ಪಕ್ಕದಲ್ಲೇ 12 ವೋಲ್ಟ್‌ನ 4 ಪಿನ್ ಹೆಡರ್ ಕೂಡ ಇದೆ. ದಯವಿಟ್ಟು ಅದಕ್ಕೆ ಹಾಕಿ ನೋಡಿ ಅನ್ನಬೇಡಿ, ಎಲ್‌ಇಡಿ ಅಲ್ಲೇ ಸುಟ್ಟುಹೋಗುತ್ತೆ.

ಕರೆಂಟ್ ಚಿಂತೆ ಇಲ್ಲ. ಪೂರ್ತಿ ಬಿಳಿ ಬೆಳಕಿಗೆ ಎಲ್‌ಇಡಿಗೆ ಸುಮಾರು 60 ಮಿಲಿಆಂಪ್, ಫ್ಯಾನಿಗೆ 8ರಂತೆ 24 ಎಲ್‌ಇಡಿ, ಒಟ್ಟು 1.44 ಆಂಪ್. ಹೆಡರ್ ಮಿತಿ ಮ್ಯಾನ್ಯುಯಲ್ ಪ್ರಕಾರ 3 ಆಂಪ್. ಒಂದೇ ಹೆಡರ್‌ನಿಂದ ಮೂರಕ್ಕೂ ಹಂಚೋಕೆ ಸ್ಪ್ಲಿಟರ್ ಕೇಬಲ್ ಸಾಕು, ಮೂರೂ ಒಂದೇ ಥರ ಮಿನುಗುತ್ತವೆ, ಪರವಾಗಿಲ್ಲ.

ಸಿಕ್ಕಿಕೊಂಡಿರೋದು ಪಿನ್ ಕ್ರಮದಲ್ಲಿ. ಅದು ಕಂಪನಿಗೊಂದು ಥರ, ಮೇಲಾಗಿ ವೈರೆಲ್ಲ ಕಪ್ಪು. ಪವರ್ ತೆಗೆದು, ಹಬ್ ಬಿಚ್ಚಿ, ಸಾಟಾ ಪವರ್ ಕನೆಕ್ಟರ್‌ನ 4-6 (ಗ್ರೌಂಡ್), 7-9 (5 ವೋಲ್ಟ್), 13-15 (12 ವೋಲ್ಟ್) ಪಿನ್‌ಗಳಿಂದ ಫ್ಯಾನ್ ಸಾಕೆಟ್‌ಗೆ ಮಲ್ಟಿಮೀಟರ್ ಬೀಪ್ ಹಾಕಿದೆ (ನೇರ ಸಂಪರ್ಕ ಇದ್ದರೆ ಬೀಪ್ ಅನ್ನುತ್ತೆ). ಗ್ರೌಂಡ್, 5 ವೋಲ್ಟ್ ಸಿಕ್ಕವು. 12 ವೋಲ್ಟ್‌ಗೆ ಬೀಪ್ ಇಲ್ಲ, ನಡುವೆ ಮಾಸ್‌ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್) ಇರಬೇಕು.

ಉಳಿದ ಪಿನ್‌ಗಳಲ್ಲಿ ಮೋಟಾರಿನದು ಯಾವುದು, ಡೇಟಾ ಇನ್ (ಬಣ್ಣದ ಸಿಗ್ನಲ್ ಒಳಬರೋದು) ಯಾವುದು, ಔಟ್ (ಹೊರಹೋಗೋದು) ಯಾವುದು ಅಂತ ಎಲ್‌ಇಡಿ ಸುಡದೆ ಪತ್ತೆ ಮಾಡೋದು ಹೇಗೆ? ಫ್ಯಾನ್ ಬಿಚ್ಚಿ ಮೊದಲ ಎಲ್‌ಇಡಿಯಿಂದ ಹಿಂದಕ್ಕೆ ಹುಡುಕಬೇಕಾ? ರೆಡಿ ಅಡಾಪ್ಟರ್ ಕೇಬಲ್ ಬಿ.ಎಚ್. ರಸ್ತೆ ಕಡೆ ಸಿಗುತ್ತಾ, ಇಲ್ಲ ಬೆಂಗಳೂರಿನ ಎಸ್.ಪಿ. ರೋಡೇ ಗತಿನಾ?