ಸೋಷಿಯಲ್ ಮೀಡಿಯಾ ಸಂಶೋಧನಾ ಲ್ಯಾಬ್‌ನಲ್ಲಿ ಗ್ರ್ಯಾಜುಯೇಟ್ ಅಸಿಸ್ಟೆಂಟ್ ಆಗುವವರು ಮೊದಲು ಏನನ್ನು ಕಲಿತಿರಬೇಕು?

ಪ್ರಶ್ನೆ (ಹೊಸ ವಿದ್ಯಾರ್ಥಿ)

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ಕಂಪ್ಯೂಟರ್ ಸೈನ್ಸ್ ಬಿ.ಇ. ಮುಗಿಸಿರುವ ನಾನು ಬರುವ ಆಗಸ್ಟ್‌ನಲ್ಲಿ ಎಂ.ಎಸ್. ಓದಲು ಅಮೆರಿಕಕ್ಕೆ ಹೊರಟಿದ್ದೇನೆ. ಚಿಕ್ಕ ವಿಡಿಯೊಗಳಲ್ಲೂ ಅವುಗಳ ಕೆಳಗಿನ ಕಮೆಂಟ್‌ಗಳಲ್ಲೂ ಆರೋಗ್ಯದ ಬಗ್ಗೆ ಹರಡುವ ಸುಳ್ಳು ಮಾಹಿತಿಯನ್ನು ಅಧ್ಯಯನ ಮಾಡುವ ಲ್ಯಾಬ್‌ನಲ್ಲಿ ನನಗೆ ಅಸಿಸ್ಟೆಂಟ್‌ಶಿಪ್ ದೊರೆತಿದೆ. ಪೈಥಾನ್ ಚೆನ್ನಾಗಿಯೇ ಬರುತ್ತದೆ, ಆದರೆ ಸಮಾಜವಿಜ್ಞಾನದ ಗಂಧವಿಲ್ಲ. ಲ್ಯಾಬ್‌ನ ಹಳೆಯ ಪ್ರಬಂಧಗಳೆಲ್ಲ ಟ್ವಿಟರ್ ದತ್ತಾಂಶವನ್ನೇ ಆಧರಿಸಿರುವುದರಿಂದ, ಅದನ್ನು ಸಂಗ್ರಹಿಸುವ ಪ್ರೋಗ್ರಾಮ್ ಬರೆದು ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದೇ? ಮೊದಲ ಸೆಮಿಸ್ಟರ್‌ನಲ್ಲಿ ಎಂಥ ಕೆಲಸವನ್ನು ನಿರೀಕ್ಷಿಸಬಹುದು ಎಂಬುದನ್ನು ಅನುಭವವುಳ್ಳವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ (ಪಿಎಚ್.ಡಿ. ವಿದ್ಯಾರ್ಥಿ)

ಅಭಿನಂದನೆಗಳು. ಟ್ವಿಟರ್‌ಗಾಗಿ ಪ್ರೋಗ್ರಾಮ್ ಬರೆಯುವ ಶ್ರಮವನ್ನು ಸದ್ಯಕ್ಕೆ ಬಿಟ್ಟುಬಿಡಿ. 2021ರಲ್ಲಿ ಆ ಕಂಪನಿಯೇ ಸಂಶೋಧಕರಿಗಾಗಿ ತೆರೆದಿದ್ದ ಉಚಿತ ಎಪಿಐ (ಪ್ರೋಗ್ರಾಮ್ ಮೂಲಕ ದತ್ತಾಂಶ ಕೇಳಿ ಪಡೆಯುವ ವ್ಯವಸ್ಥೆ) ದಾರಿಯಲ್ಲಿ ತಿಂಗಳಿಗೆ ಒಂದು ಕೋಟಿ ಟ್ವೀಟ್‌ಗಳವರೆಗೆ ಪಡೆಯಬಹುದಾಗಿತ್ತು. ಮಾಲೀಕತ್ವ ಬದಲಾದ ಮೇಲೆ, 2023ರಲ್ಲಿ, ಅದು ಮುಚ್ಚಿತು. ನೀವು ಓದಿದ ಪ್ರಬಂಧಗಳು ಬಹುಶಃ ಆ ಕಾಲದವು. ಅದೇ ವರ್ಷ ರೆಡ್ಡಿಟ್ ತನ್ನ ಎಪಿಐಗೆ ಬೆಲೆ ಕಟ್ಟಿತು, 2024ರ ಆಗಸ್ಟ್‌ನಲ್ಲಿ ಫೇಸ್‌ಬುಕ್‌ನ ಒಡೆಯ ಮೆಟಾ ಕಂಪನಿ, ಪೋಸ್ಟ್‌ಗಳು ಹೇಗೆ ಹರಡುತ್ತವೆಂದು ತೋರಿಸುತ್ತಿದ್ದ ಕ್ರೌಡ್‌ಟ್ಯಾಂಗಲ್ ಎಂಬ ಉಪಕರಣವನ್ನು ನಿಲ್ಲಿಸಿತು. ಅದರ ಬದಲಿಗೆ ಬಂದಿರುವ ಮೆಟಾ ಕಂಟೆಂಟ್ ಲೈಬ್ರರಿಗೂ ಟಿಕ್‌ಟಾಕ್‌ನ ಸಂಶೋಧನಾ ಎಪಿಐಗೂ ಮೊದಲೇ ಅರ್ಜಿ ಹಾಕಿ ಒಪ್ಪಿಗೆ ಪಡೆಯಬೇಕು. ಇದೆಲ್ಲ ನಿಮ್ಮ ಪ್ರೊಫೆಸರ್ ಮಾಡಿಸಬೇಕಾದ ಕೆಲಸ, ಮನೆಯಲ್ಲಿ ಕುಳಿತು ನೀವೊಬ್ಬರೇ ಮಾಡಿಕೊಳ್ಳುವಂಥದ್ದಲ್ಲ.

ಅಭ್ಯಾಸಕ್ಕೆ ಯೂಟ್ಯೂಬ್‌ನ ಡೇಟಾ ಎಪಿಐ ಸಾಕು. ದಿನಕ್ಕೆ 10,000 ಯೂನಿಟ್‌ಗಳ ಮಿತಿ ಇದೆ. ಒಂದು ಹುಡುಕಾಟಕ್ಕೆ 100 ಯೂನಿಟ್ ಹೋಗುತ್ತದೆ, ಆದರೆ ಒಂದು ವಿಡಿಯೊದ ಕಮೆಂಟ್‌ಗಳ ಒಂದು ಪುಟವನ್ನು ತರಿಸಿಕೊಳ್ಳಲು ಒಂದೇ ಯೂನಿಟ್ ಸಾಕು. ಹುಡುಕಾಟಗಳನ್ನು ಯೋಚಿಸದೆ ಓಡಿಸಿದರೆ ಬೆಳಗಿನ ಕಾಫಿ ಮುಗಿಯುವಷ್ಟರಲ್ಲಿ ದಿನದ ಪಾಲು ತೀರಿರುತ್ತದೆ. ಯಾವ ಪದಗಳಿಂದ ಹುಡುಕಬೇಕು, ಆ ಪದಗಳ ಆಯ್ಕೆಯಿಂದಲೇ ಯಾವ ಬಗೆಯ ವಿಡಿಯೊಗಳು ಹೊರಗುಳಿಯುತ್ತವೆ ಎಂಬುದನ್ನು ಮೊದಲೇ ಯೋಚಿಸುವ ಅಭ್ಯಾಸ ಇಲ್ಲಿಂದ ಬಂದರೆ ಅದು ಯಾವ ಎಪಿಐಗಾದರೂ ಉಪಯೋಗವಾಗುತ್ತದೆ.

ಉತ್ತರ (ಸಂವಹನ ವಿಭಾಗದಿಂದ ಬಂದವರು)

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ನನ್ನ ಅಂದಾಜಿನಲ್ಲಿ ನಿಮ್ಮ ಮೊದಲ ಸೆಮಿಸ್ಟರ್ ಪ್ರೋಗ್ರಾಮ್ ಬರೆಯುವುದರಲ್ಲಿ ಅಲ್ಲ, ವಿಡಿಯೊಗಳನ್ನು ನೋಡಿ ಕೈಯಾರೆ ಲೇಬಲ್ ಹಚ್ಚುವುದರಲ್ಲಿ ಕಳೆಯುತ್ತದೆ. ಇಂಜಿನಿಯರಿಂಗ್‌ನಿಂದ ಬಂದವರು ಇದನ್ನು ಗುಮಾಸ್ತಗಿರಿ ಎಂದು ಮೂಗು ಮುರಿಯುವುದನ್ನು ಕಂಡಿದ್ದೇನೆ. ವಾಸ್ತವದಲ್ಲಿ ಸಂಶೋಧನೆಯ ತಿರುಳೇ ಅಲ್ಲಿದೆ, ಏಕೆಂದರೆ ಲೇಬಲ್ ತಪ್ಪಿದರೆ ಅದರ ಮೇಲೆ ಕಲಿಸಿದ ಯಾವ ಕಂಪ್ಯೂಟರ್ ಮಾಡೆಲ್ ಕೂಡ ನೆಟ್ಟಗಾಗುವುದಿಲ್ಲ.

ಒಂದು ಲೆಕ್ಕವನ್ನು ಈಗಲೇ ಮಾಡಿ ನೋಡಿ. 100 ವಿಡಿಯೊಗಳಿಗೆ ಇಬ್ಬರು ಬೇರೆಬೇರೆಯಾಗಿ ಲೇಬಲ್ ಹಚ್ಚುತ್ತಾರೆ. ಇಬ್ಬರೂ 90ಕ್ಕೆ 'ಸುಳ್ಳು ಮಾಹಿತಿ ಇಲ್ಲ' ಎಂದೂ 10ಕ್ಕೆ 'ಇದೆ' ಎಂದೂ ಗುರುತಿಸುತ್ತಾರೆ. 90 ವಿಡಿಯೊಗಳಲ್ಲಿ ಇಬ್ಬರ ಉತ್ತರವೂ ಒಂದೇ. ಕೇಳಲು ಇದು ಚೆನ್ನಾಗಿದೆ. ಆದರೆ ಇಬ್ಬರೂ ಇದೇ ಪ್ರಮಾಣದಲ್ಲಿ ಕಣ್ಣುಮುಚ್ಚಿ ಲೇಬಲ್ ಹಚ್ಚಿದ್ದರೂ ಆಕಸ್ಮಿಕವಾಗಿಯೇ ಸರಾಸರಿ 82 ವಿಡಿಯೊಗಳಲ್ಲಿ ಸಹಮತ ಬರುತ್ತಿತ್ತು. ಈ ಆಕಸ್ಮಿಕ ಪಾಲನ್ನು ಕಳೆದು ಅಳೆಯುವ, 1960ರಲ್ಲಿ ಜೇಕಬ್ ಕೋಹೆನ್ ಮುಂದಿಟ್ಟ ಕಪ್ಪ ಎಂಬ ಮಾನದ ಪ್ರಕಾರ, ಇವರ ಸಹಮತ, ಪೂರ್ಣ ಸಹಮತವನ್ನು 1 ಎಂದಿಟ್ಟರೆ, ಸುಮಾರು 0.44 ಮಾತ್ರ. ಹೆಚ್ಚಿನ ಲ್ಯಾಬ್‌ಗಳು ಇಷ್ಟಕ್ಕೆ ತೃಪ್ತಿಪಡುವುದಿಲ್ಲ; ಕೋಡ್‌ಬುಕ್ (ಯಾವುದಕ್ಕೆ ಯಾವ ಲೇಬಲ್ ಎಂಬ ನಿಯಮಗಳ ಪಟ್ಟಿ) ತಿದ್ದಿ, ಮತ್ತೆ ಕುಳಿತು ಚರ್ಚಿಸಿ, ಹೊಸ ವಿಡಿಯೊಗಳ ಮೇಲೆ ಇನ್ನೊಂದು ಸುತ್ತು ನಡೆಸಲು ಹೇಳುತ್ತವೆ. ಆ ಚರ್ಚೆಯಲ್ಲಿ ಪ್ರೊಫೆಸರ್ ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಡಿ. ನಿಮಗೆ ಬೇರೆಯಾಗಿ ಕಂಡದ್ದನ್ನು ಹೇಳುವುದೇ ಅಲ್ಲಿ ನಿಮ್ಮ ಕೆಲಸ, ಅದನ್ನು ಯಾರೂ ಎದುರುವಾದ ಎಂದುಕೊಳ್ಳುವುದಿಲ್ಲ.

ಉತ್ತರ (ಈಗಷ್ಟೇ ಎಂ.ಎಸ್. ಮುಗಿಸಿದವರು)

ಎರಡು ವ್ಯಾವಹಾರಿಕ ವಿಷಯಗಳನ್ನು ಸೇರಿಸುತ್ತೇನೆ. ಎಫ್-1 ಎಂಬ ವಿದ್ಯಾರ್ಥಿ ವೀಸಾದಲ್ಲಿರುವವರು ತರಗತಿಗಳು ನಡೆಯುವ ಅವಧಿಯಲ್ಲಿ ಕ್ಯಾಂಪಸ್‌ನೊಳಗೆ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ. ನಿಮ್ಮ ಅಸಿಸ್ಟೆಂಟ್‌ಶಿಪ್ 20 ಗಂಟೆಯದಾದರೆ ಆ ಮಿತಿ ಅಲ್ಲಿಗೇ ತುಂಬಿತು, ಆದ್ದರಿಂದ ಕ್ಯಾಂಟೀನ್‌ನಲ್ಲಿ ಇನ್ನೊಂದಿಷ್ಟು ಗಂಟೆ ದುಡಿಯುವ ಯೋಚನೆ ಬೇಡ. ಇನ್ನೊಂದು, ಮನುಷ್ಯರ ಕುರಿತ ಸಂಶೋಧನೆಯನ್ನು ಪರಿಶೀಲಿಸುವ ಐಆರ್‌ಬಿ ಮಂಡಳಿಯ ವಿಷಯ. ದತ್ತಾಂಶ ಮುಟ್ಟುವ ಮೊದಲು ಆನ್‌ಲೈನ್ ತರಬೇತಿಯೊಂದನ್ನು ಮುಗಿಸಲು ಸಾಮಾನ್ಯವಾಗಿ ಹೇಳುತ್ತಾರೆ. ಇದನ್ನು ಕಾಟಾಚಾರಕ್ಕೆ ಮುಗಿಸಬೇಡಿ. 6,89,003 ಫೇಸ್‌ಬುಕ್ ಬಳಕೆದಾರರ ನ್ಯೂಸ್ ಫೀಡ್ ಅನ್ನು ಅವರಿಗೆ ತಿಳಿಸದೆ ಬದಲಿಸಿ ನಡೆಸಿದ ಭಾವನೆಗಳ ಪ್ರಯೋಗವು 2014ರಲ್ಲಿ ಪ್ರಕಟವಾದಾಗ ಎದ್ದ ಗಲಾಟೆಯ ಬಗ್ಗೆ ಓದಿಕೊಂಡರೆ ಈ ನಿಯಮಗಳ ಹಿಂದಿನ ಕಾರಣ ತಾನಾಗಿಯೇ ಅರ್ಥವಾಗುತ್ತದೆ. ಎಲ್ಲರಿಗೂ ಕಾಣುವಂತೆ ಬರೆದ ಕಮೆಂಟನ್ನೂ ಪ್ರಬಂಧದಲ್ಲಿ ಯಥಾವತ್ತಾಗಿ ಉಲ್ಲೇಖಿಸಿದರೆ, ಆ ಸಾಲನ್ನು ಹುಡುಕಿ, ಅದನ್ನು ಬರೆದವರನ್ನು ಪತ್ತೆಹಚ್ಚಬಹುದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಒಂದು ಸಣ್ಣ ಅನುಮಾನ: ಲ್ಯಾಬ್‌ನವರು ಇಂಗ್ಲಿಷ್ ವಿಡಿಯೊಗಳನ್ನಷ್ಟೇ ನೋಡುತ್ತಾರೆ. ಕನ್ನಡ ವಿಡಿಯೊಗಳನ್ನೂ ಸೇರಿಸೋಣವೆಂದು ಹೊಸಬನಾದ ನಾನು ಕೇಳಿದರೆ ಅಧಿಕಪ್ರಸಂಗವಾದೀತೇ?

ಉತ್ತರ (ಸಂವಹನ ವಿಭಾಗದಿಂದ ಬಂದವರು)

ಖಂಡಿತ ಕೇಳಿ, ಆದರೆ ಮೊದಲ ವಾರವೇ ಬೇಡ. ಅವರ ಕೋಡ್‌ಬುಕ್ ನಿಮಗೆ ಬಾಯಿಪಾಠವಾದ ಮೇಲೆ ಕೇಳಿ. ಕನ್ನಡ-ಇಂಗ್ಲಿಷ್ ಬೆರೆತ ಯೂಟ್ಯೂಬ್ ಕಮೆಂಟ್‌ಗಳಿಗೆ ಲೇಬಲ್ ಹಚ್ಚಿದ ದತ್ತಾಂಶವೊಂದು 2020ರಲ್ಲೇ ಪ್ರಕಟವಾಗಿದೆ, ಅದನ್ನು ತೋರಿಸಿದರೆ ಮಾತು ಆರಂಭಿಸುವುದು ಸುಲಭ. ಮನೆಮದ್ದಿನ ವಿಡಿಯೊ ಒಂದರ ಕೆಳಗೆ 'ಇವರ ಮಾತು ಕೇಳಿದರೆ ಉದ್ಧಾರ ಆದಂಗೆ' ಎಂದು ಯಾರೋ ಬರೆದಿದ್ದಾರೆ ಎಂದಿಟ್ಟುಕೊಳ್ಳಿ. ಯಂತ್ರ ಅದನ್ನು ಹೊಗಳಿಕೆ ಎಂದು ಎಣಿಸಿದರೆ ಆಶ್ಚರ್ಯವಿಲ್ಲ. ಇಂಥ ಒಂದು ಇಪ್ಪತ್ತು ಕಮೆಂಟ್‌ಗಳನ್ನು ಆರಿಸಿ, ನಿಮ್ಮ ಲೇಬಲ್ ಮತ್ತು ಅದರ ಕಾರಣದೊಡನೆ ಒಂದು ಪುಟದಲ್ಲಿ ಬರೆದುಕೊಂಡು ಹೋಗಿ. ಎರಡನೆಯ ಲೇಬಲ್ ಹಚ್ಚಲು ಕನ್ನಡ ಬಲ್ಲ ಇನ್ನೊಬ್ಬರು ಕ್ಯಾಂಪಸ್‌ನಲ್ಲಿ ಸಿಗುತ್ತಾರೆಯೇ ಎಂಬುದನ್ನೂ ವಿಚಾರಿಸಿಟ್ಟುಕೊಳ್ಳಿ, ಪ್ರೊಫೆಸರ್ ಕೇಳುವ ಮೊದಲ ಪ್ರಶ್ನೆ ಬಹುಶಃ ಅದೇ ಆಗಿರುತ್ತದೆ.